ಸ್ಫೋಟವಾದ ಬೀದಿಯಲ್ಲಿ ಏನನ್ನು, ಹೇಗೆ ದಾಖಲಿಸಬೇಕು: ಗಾಜು, ಸದ್ದು, ಸಿಲಿಂಡರ್

ಊರ ನಡುವೆ ಒಂದು ಮನೆಯೋ ಗೋದಾಮೋ ಸಿಡಿದರೆ ಮೊದಲ ದಿನ ಆಗುವುದು ಇಷ್ಟು: ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುತ್ತಾರೆ, ಜೆಸಿಬಿ ಬಂದು ಅವಶೇಷ ಎತ್ತುತ್ತದೆ, ಅಕ್ಕಪಕ್ಕದವರು ಒಡೆದ ಗಾಜು ಗುಡಿಸಿ ಹಾಕುತ್ತಾರೆ, ಸಂಜೆಗೆ ‘ಸಿಲಿಂಡರ್ ಸ್ಫೋಟ’ ಎಂದು ಸುದ್ದಿಯಾಗುತ್ತದೆ. ಮೊದಲ ಎರಡು ಆಗಲೇಬೇಕು. ಮೂರನೆಯದನ್ನು ಅರ್ಧ ದಿನ ತಡೆದರೆ ತನಿಖೆಗೆ ದೊಡ್ಡ ಉಪಕಾರ. ನಾಲ್ಕನೆಯದು ಎಷ್ಟೋ ಸಲ ತಪ್ಪು; ಸಿಲಿಂಡರ್ ಮೂಲೆಯಲ್ಲಿ ಇಡಿಯಾಗಿಯೇ ನಿಂತಿರುತ್ತದೆ, ಸಿಡಿದದ್ದು ಅದರಿಂದ ಸೋರಿದ ಅನಿಲ. ಎರಡಕ್ಕೂ ಕಾರಣ ಬೇರೆ, ಹೊಣೆ ಬೇರೆ, ಮುಂದೆ ತಡೆಯುವ ದಾರಿಯೂ ಬೇರೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪಾಲಿಕೆ ಮತ್ತು ನಗರಸಭೆಯ ಎಂಜಿನಿಯರುಗಳು, ಸ್ಥಳೀಯ ವರದಿಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಅಧಿಕೃತ ತನಿಖೆ ಪೊಲೀಸರದು, ವಿಧಿವಿಜ್ಞಾನ ಪ್ರಯೋಗಾಲಯದ್ದು, ಅಗ್ನಿಶಾಮಕ ಇಲಾಖೆಯದು. ಸ್ಫೋಟಕ ಅಥವಾ ಅನಿಲ ಸಿಲಿಂಡರಿನ ವಿಷಯವಾದರೆ ನಾಗಪುರದಲ್ಲಿ ಪ್ರಧಾನ ಕಚೇರಿ ಇರುವ ‘ಪೆಸೊ’ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ) ಸಂಸ್ಥೆಯದು. ಆದರೆ ಅವರು ಬಂದು ತಲುಪುವ ಹೊತ್ತಿಗೆ ಸುತ್ತಲ ಬೀದಿಗಳ ಸಾಕ್ಷ್ಯ ಅರ್ಧ ಅಳಿಸಿಹೋಗಿರುತ್ತದೆ. ಆ ಸುತ್ತಲ ಬೀದಿಗಳೇ ಇಲ್ಲಿನ ವಿಷಯ.

ಸ್ಫೋಟವನ್ನು ಅಧ್ಯಯನ ಮಾಡುವವರು ನಡುವಿನ ಗುಂಡಿಗಿಂತ ಹೊರಗಿನ ಅಂಚನ್ನು ಹೆಚ್ಚು ನಂಬುತ್ತಾರೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದಾಗ ಆ ಜಾಗದಲ್ಲಿ ಉಳಿದದ್ದು ಸಮುದ್ರದ ನೀರು ತುಂಬಿದ ಹಳ್ಳ. ಆದರೂ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ ಅದೇ ವರ್ಷ ಒಂದು ಅಂದಾಜು ಕೊಟ್ಟಿತು: ಸುಮಾರು 500 ಟನ್ ಟಿಎನ್‌ಟಿಗೆ (ಸ್ಫೋಟದ ಬಲ ಹೋಲಿಸಲು ಮಾನದಂಡವಾಗಿ ಬಳಸುವ ಸ್ಫೋಟಕ) ಸಮ, ಹೆಚ್ಚೆಂದರೆ 1,120 ಟನ್. ಅವರ ಆಧಾರ ಜನರು ಮೊಬೈಲಿನಲ್ಲಿ ತೆಗೆದ ವಿಡಿಯೊಗಳು. ಯಾವ ದೂರದ ಕಟ್ಟಡಕ್ಕೆ ಸ್ಫೋಟದ ಅಲೆ ಎಷ್ಟು ಹೊತ್ತಿಗೆ ತಲುಪಿತು ಎಂದು ಒಂದೊಂದಾಗಿ ಅಳೆದರು, ಅಷ್ಟೇ. ಅದೇ ವಿಧಾನ ಅಂತರಸನಹಳ್ಳಿಯ ಒಂದು ಗೋದಾಮಿಗೂ ಸಾಕು, ಮಾಲೂರಿನ ಒಂದು ಕಾರ್ಖಾನೆಗೂ ಸಾಕು.

ಮೊದಲು ಪ್ರಾಣ

ಪೊಲೀಸರ ಪಟ್ಟಿಯ ಒಳಗೆ ಕಾಲಿಡಬೇಡಿ. ಅನಿಲದ ವಾಸನೆ ಇನ್ನೂ ಇದ್ದರೆ 1906ಕ್ಕೆ ಕರೆ ಮಾಡಿ, ತುರ್ತಿಗೆ 112. ಅಲ್ಲಿ ಸ್ವಿಚ್ ಮುಟ್ಟುವುದು, ಗಾಡಿ ಸ್ಟಾರ್ಟ್ ಮಾಡುವುದು ಬೇಡ. ಕಲ್ಲುಕ್ವಾರಿಯ ಸಾಮಗ್ರಿ ಸಿಡಿದ ಜಾಗವಾದರೆ ಸಿಡಿಯದೆ ಉಳಿದ ಕ್ಯಾಪುಗಳು (ಸ್ಫೋಟಕವನ್ನು ಸಿಡಿಸುವ ಡಿಟೊನೇಟರುಗಳು) ಸುತ್ತ ಚೆಲ್ಲಿರಬಹುದು. ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ ಇರುವ, ಎರಡು ತಂತಿ ಹೊರಟ ಲೋಹದ ನಳಿಕೆ ಕಂಡರೆ ಕಾಲಿನಿಂದಲೂ ಸರಿಸದೆ ಪೊಲೀಸರಿಗೆ ತೋರಿಸಿ.

ಬೇಕಾದ ಸಾಮಾನು ಕಡಿಮೆ. 30 ಮೀಟರಿನ ಟೇಪು, ಗಾಜಿನ ದಪ್ಪ ನೋಡಲು ವರ್ನಿಯರ್, ಜಿಪಿಎಸ್ ಮತ್ತು ದಿಕ್ಸೂಚಿ ಇರುವ ಮೊಬೈಲ್, 64 ಜಿಬಿ ಪೆನ್‌ಡ್ರೈವ್, ಅಂಕಿ ಬರೆದ ರಟ್ಟಿನ ಚೀಟಿಗಳು, ನೋಟ್‌ಬುಕ್, ದಪ್ಪ ಅಡಿಯ ಬೂಟು, ಚರ್ಮದ ಕೈಗವಸು. ಹೊರಗಿನಿಂದ ಒಳಕ್ಕೆ ಬನ್ನಿ. ಏನೂ ಆಗದ ಬೀದಿಯಿಂದ ಶುರು ಮಾಡಿ, ಮೊದಲ ಒಡೆದ ಕಿಟಕಿ ಎಲ್ಲಿ ಎಂದು ಹುಡುಕುತ್ತಾ ನಡುವಿನ ಕಡೆ ನಡೆಯಿರಿ. ನಡುವಿನಿಂದ ಹೊರಟವರು ದೊಡ್ಡ ಹಾನಿಯನ್ನೇ ನೋಡುತ್ತಾ ನಿಂತುಬಿಡುತ್ತಾರೆ. ಅಷ್ಟರಲ್ಲಿ ಅಂಚಿನ ಗಾಜು ಕಸದ ಗಾಡಿಗೆ ಹೋಗಿರುತ್ತದೆ.

ಗಾಜಿನ ಲೆಕ್ಕ

ಪ್ರತಿ ಕಿಟಕಿಗೂ ಒಂದು ಸಾಲು ಬರೆಯಿರಿ: ಕಟ್ಟಡದ ಸ್ಥಾನ, ಯಾವ ಮಹಡಿ, ಗಾಜಿನ ಉದ್ದ ಅಗಲ, ದಪ್ಪ, ಸ್ಫೋಟದ ಕಡೆಗೆ ಮುಖ ಮಾಡಿತ್ತೋ, ಪಕ್ಕಕ್ಕಿತ್ತೋ, ಬೆನ್ನು ಹಾಕಿತ್ತೋ, ತೆರೆದಿತ್ತೋ ಮುಚ್ಚಿತ್ತೋ, ಒಡೆಯಿತೋ ಇಲ್ಲವೋ, ಚೂರು ಒಳಗೆ ಬಿತ್ತೋ ಹೊರಗೋ, ಎಷ್ಟು ದೂರ ಹೋಯಿತು. ಒಡೆಯದ ಕಿಟಕಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಹೊಸಬರು ಬಿಟ್ಟುಬಿಡುವುದು ಇದನ್ನೇ. 200 ಮೀಟರಿನಲ್ಲಿ ಹತ್ತು ಗಾಜು ಒಡೆದಿವೆ ಎನ್ನುವುದರಿಂದ ಏನೂ ತಿಳಿಯದು; ನೂರರಲ್ಲಿ ಹತ್ತೋ ಹನ್ನೆರಡರಲ್ಲಿ ಹತ್ತೋ ಎನ್ನುವುದರಲ್ಲಿ ಎಲ್ಲ ಇದೆ.

ಸಾಮಾನ್ಯ ಕಿಟಕಿ ಗಾಜಿಗೆ ಸಂಶೋಧಕರು ಬಳಸುವ ಸ್ಥೂಲ ಅಳತೆ ಹೀಗಿದೆ. ಸ್ಫೋಟದಿಂದ ಗಾಳಿಯ ಸಹಜ ಒತ್ತಡದ ಮೇಲೆ ಏರುವ ಹೆಚ್ಚುವರಿ ಒತ್ತಡ ಸುಮಾರು 2 ಕಿಲೋಪ್ಯಾಸ್ಕಲ್ ತಲುಪಿದಲ್ಲಿ ಹತ್ತರಲ್ಲಿ ಒಂದು ಗಾಜು ಹೋಗುತ್ತದೆ. 3.5ರಿಂದ 7ರ ನಡುವೆ ಬಹುತೇಕ ಎಲ್ಲವೂ ಪುಡಿ. 14ರ ಆಸುಪಾಸಿನಲ್ಲಿ ಮನೆಗಳ ಗೋಡೆ, ಚಾವಣಿ ಭಾಗಶಃ ಕುಸಿಯುತ್ತವೆ. ಕಬ್ಬಿಣವಿಲ್ಲದ ಸಿಮೆಂಟ್ ಬ್ಲಾಕಿನ ಗೋಡೆ 14ರಿಂದ 20ರೊಳಗೆ ಒಡೆಯುತ್ತದೆ. ಕಿವಿ ತಮಟೆ ಹರಿಯಲು ಶುರುವಾಗುವುದು ಸುಮಾರು 35ಕ್ಕೆ.

ಈ ಒತ್ತಡದಿಂದ ಸ್ಫೋಟದ ಗಾತ್ರಕ್ಕೆ ಹೋಗುವ ದಾರಿ ಘನಮೂಲದ ನಿಯಮ. ದೂರವನ್ನು ಮೀಟರಿನಲ್ಲಿ ಬರೆದು, ಟಿಎನ್‌ಟಿ ತೂಕದ (ಕೆಜಿ) ಘನಮೂಲದಿಂದ ಭಾಗಿಸಿದರೆ ಬರುವ ಅಂಕಿ ಒಂದೇ ಆಗಿದ್ದಲ್ಲೆಲ್ಲ ಒತ್ತಡವೂ ಒಂದೇ. ನೆಲದ ಮೇಲಿನ ಸ್ಫೋಟಕ್ಕೆ ಆ ಅಂಕಿ 8 ಆದರೆ ಒತ್ತಡ ಸುಮಾರು 20 ಕಿಲೋಪ್ಯಾಸ್ಕಲ್, 15 ಆದರೆ 9, 22 ಆದರೆ 5, 44 ಆದರೆ 2.

ಒಂದು ಕಾಲ್ಪನಿಕ ಉದಾಹರಣೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಸಿಡಿದಿದೆ. 120 ಮೀಟರಿನವರೆಗೆ ಹೆಚ್ಚುಕಡಿಮೆ ಎಲ್ಲ ಗಾಜೂ ಹೋಗಿದೆ. 210 ಮೀಟರಿನಲ್ಲಿ ಹತ್ತಕ್ಕೊಂದು. ಮೊದಲನೆಯದನ್ನು 5 ಕಿಲೋಪ್ಯಾಸ್ಕಲ್ ಎಂದು ಹಿಡಿದರೆ 120 ÷ 22.2 = 5.4, ಅದರ ಘನ ಸುಮಾರು 158 ಕೆಜಿ. ಎರಡನೆಯದು 2 ಕಿಲೋಪ್ಯಾಸ್ಕಲ್: 210 ÷ 44.4 = 4.73, ಘನ ಸುಮಾರು 106 ಕೆಜಿ. ಹಾಗಾದರೆ ಬರೆಯಬೇಕಾದದ್ದು ‘100ರಿಂದ 160 ಕೆಜಿ ಟಿಎನ್‌ಟಿಗೆ ಸಮ’ ಎಂದು. ಈಗ ಯಾರೋ 600 ಮೀಟರ್ ದೂರದ ಒಂದೇ ಒಂದು ಒಡೆದ ಕಿಟಕಿಯ ಫೋಟೊ ತಂದುಕೊಡುತ್ತಾರೆ. ಅದನ್ನೇ 2 ಕಿಲೋಪ್ಯಾಸ್ಕಲ್ ಅಂಚು ಎಂದು ನಂಬಿದರೆ ಉತ್ತರ 2,460 ಕೆಜಿ ದಾಟುತ್ತದೆ! ಒಂದು ಸಡಿಲ ಪಟ್ಟಿಯ ಗಾಜು ನೂರು ಕೆಜಿಯನ್ನು ಎರಡೂವರೆ ಟನ್ ಮಾಡಿಬಿಡಬಲ್ಲದು. ಘನ ಇರುವುದರಿಂದ ದೂರದಲ್ಲಿ ನೂರಕ್ಕೆ 10 ತಪ್ಪಿದರೆ ತೂಕದಲ್ಲಿ 33 ತಪ್ಪುತ್ತದೆ. ಆದ್ದರಿಂದ ದೂರವನ್ನು ಹೆಜ್ಜೆ ಲೆಕ್ಕದಲ್ಲಿ ಬರೆಯಬೇಡಿ. ಉಪಗ್ರಹ ನಕ್ಷೆಯಲ್ಲಿ ಕಟ್ಟಡದ ಮೂಲೆಯಿಂದ ಮೂಲೆಗೆ ಅಳೆಯಿರಿ.

ಎಡವುವ ಜಾಗಗಳು ಮೂರು. ಸ್ಫೋಟದ ಕಡೆ ಮುಖ ಮಾಡಿದ ಗೋಡೆಗೆ ಅಲೆ ಬಡಿದು ಹಿಂದಿರುಗುವಾಗ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ, ಹಾಗಾಗಿ ಮುಂದಿನ ಗೋಡೆಯ ಗಾಜನ್ನೂ ಹಿಂದಿನ ಗೋಡೆಯದನ್ನೂ ಒಂದೇ ಪಟ್ಟಿಗೆ ಸೇರಿಸಬಾರದು. ಎರಡನೆಯದು ಇಕ್ಕಟ್ಟಿನ ಬೀದಿ: ತುಮಕೂರಿನ ಚಿಕ್ಕಪೇಟೆಯಂಥ ಕಡೆ ಎರಡೂ ಬದಿಯ ಗೋಡೆಗಳ ನಡುವೆ ಅಲೆ ಹರಡಲು ಜಾಗವಿಲ್ಲದೆ ಬೀದಿಯುದ್ದಕ್ಕೂ ಬಲ ಉಳಿಸಿಕೊಂಡು ಹೋಗುತ್ತದೆ, ಅಡ್ಡರಸ್ತೆಯಲ್ಲಿ ಬೇಗ ಸಾಯುತ್ತದೆ. ಬೀದಿಯುದ್ದದ ಅಳತೆಯನ್ನು ಬೇರೆ, ಅಡ್ಡದ ಅಳತೆಯನ್ನು ಬೇರೆ ಇಡಿ. ಮೂರನೆಯದು ಬಹಳ ಜನ ತಪ್ಪು ತಿಳಿಯುವಂಥದ್ದು. ಚೂರು ಹೊರಗೆ ಬಿದ್ದಿದ್ದರೆ ಸ್ಫೋಟ ಒಳಗೇ ಆಯಿತು ಎನ್ನುತ್ತಾರೆ. ಒತ್ತಡದ ಅಲೆ ದಾಟಿದ ಮೇಲೆ ಹೀರುವ ಅಲೆ ಬರುತ್ತದೆ, ಬಿರುಕುಬಿಟ್ಟ ಗಾಜನ್ನು ಅದು ಹೊರಕ್ಕೆ ಎಳೆದು ಹಾಕಬಲ್ಲದು. ಪಕ್ಕದ ನಾಲ್ಕು ಕಟ್ಟಡ ನೋಡದೆ ತೀರ್ಮಾನ ಬೇಡ.

ನಮ್ಮ ಊರುಗಳು 800–900 ಮೀಟರ್ ಎತ್ತರದಲ್ಲಿವೆ, ಗಾಳಿಯ ಸಹಜ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ ಅದು 101. ಪಕ್ಕಾ ಲೆಕ್ಕದಲ್ಲಿ ಈ ತಿದ್ದುಪಡಿ ಸೇರಿಸುತ್ತಾರೆ. ಗಾಜಿನ ಗುಣದ ಏರುಪೇರಿನ ಮುಂದೆ ಅದು ಚಿಕ್ಕದು.

ಸದ್ದು ಮತ್ತು ಸಿಸಿಟಿವಿ

ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತಲೇ ಇರುತ್ತದೆ. ಹಾರ್ಡ್‌ಡಿಸ್ಕ್ ಚಿಕ್ಕದಾದರೆ ವಾರದೊಳಗೇ ಹೋಯಿತು. ಪೆಟ್ರೋಲ್ ಬಂಕ್, ಮೆಡಿಕಲ್ ಶಾಪ್, ಎಟಿಎಂ, ಶಾಲೆ, ಕಲ್ಯಾಣ ಮಂಟಪ ಇವುಗಳ ಮಾಲೀಕರನ್ನು ಮೊದಲ ದಿನವೇ ಕೇಳಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬರುವುದು ನಿರುಪಯುಕ್ತ, ಫ್ರೇಮುಗಳು ಕಲಸಿಹೋಗುತ್ತವೆ. ಪೆನ್‌ಡ್ರೈವ್‌ಗೆ ಮೂಲ ಫೈಲನ್ನೇ ಇಳಿಸಿ. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ಸಮಯದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಡಿವಿಆರ್ ಗಡಿಯಾರ ಸರಿಯಾಗಿರುವುದು ಅಪರೂಪ. ಅದರ ಪರದೆಯ ಪಕ್ಕದಲ್ಲಿ ನಿಮ್ಮ ಮೊಬೈಲಿನ ಗಡಿಯಾರ ಹಿಡಿದು ಎರಡೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎನ್ನುವುದು ಅದೊಂದರಲ್ಲೇ ಸಿಗುತ್ತದೆ. ಸ್ಫೋಟದ ಹೊಡೆತಕ್ಕೆ ಕರೆಂಟ್ ಹೋಗಿ ಕ್ಯಾಮೆರಾ ನಿಂತಿದ್ದರೆ ನಿರಾಶರಾಗಬೇಡಿ. ಆ ಬೀದಿಗೆ ಕರೆಂಟ್ ಕೊಡುವ ಫೀಡರ್ ಲೈನ್ ಟ್ರಿಪ್ ಆದ ಸಮಯ ಬೆಸ್ಕಾಂ ಉಪಕೇಂದ್ರದ ದಾಖಲೆಯಲ್ಲಿ ಸಿಗಬಹುದು, ಅದೂ ಒಂದು ಗಡಿಯಾರ.

ಲೆಕ್ಕ ಹೀಗೆ. ಬೆಳಕು ಕಂಡ ಫ್ರೇಮಿನಿಂದ, ಅಲೆ ಬಂದು ತಟ್ಟಿದ ಫ್ರೇಮಿನವರೆಗೆ ಎಣಿಸಿ. ತಟ್ಟಿದ್ದು ಹೇಗೆ ಗೊತ್ತಾಗುತ್ತದೆ ಎಂದರೆ ತೂಗುಹಾಕಿದ ಬೋರ್ಡು ಅಲುಗುತ್ತದೆ, ಅಂಗಡಿಯ ಪರದೆ ಉಬ್ಬುತ್ತದೆ, ಧೂಳು ಏಳುತ್ತದೆ, ಕ್ಯಾಮೆರಾ ನಡುಗುತ್ತದೆ. 28 ಡಿಗ್ರಿ ಬಿಸಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ. ಸೂತ್ರ ಬೇಕಿದ್ದರೆ 331ಕ್ಕೆ ಡಿಗ್ರಿಯ 0.6 ಪಟ್ಟು ಸೇರಿಸಿ. ಸ್ಫೋಟದ ಅಲೆ ಶುರುವಿನಲ್ಲಿ ಸದ್ದಿಗಿಂತ ವೇಗವಾಗಿ ಓಡಿ, ಆಮೇಲೆ ಸದ್ದಿನ ವೇಗಕ್ಕೆ ಇಳಿಯುತ್ತದೆ. ಶುರುವಿನಲ್ಲಿ ಗಳಿಸಿದ ಆ ಮುನ್ನಡೆ ಎಷ್ಟು ಎನ್ನುವುದೇ ಸ್ಫೋಟದ ಬಲದ ಸುಳಿವು.

ತೊಡಕು ಇಲ್ಲಿದೆ. ಕೆಲವು ನೂರು ಕೆಜಿಯ ಸ್ಫೋಟಕ್ಕೆ 200 ಮೀಟರಿನಲ್ಲಿ ಆ ಮುನ್ನಡೆ ಬರೀ ಕೆಲವು ಹತ್ತು ಮಿಲಿಸೆಕೆಂಡು. ಅಗ್ಗದ ಸಿಸಿಟಿವಿ ಸೆಕೆಂಡಿಗೆ 15 ಫ್ರೇಮ್ ತೆಗೆಯುತ್ತದೆ, ಒಂದು ಫ್ರೇಮ್ ಎಂದರೆ 67 ಮಿಲಿಸೆಕೆಂಡು, ಸದ್ದಿನ ದಾರಿಯಲ್ಲಿ 23 ಮೀಟರ್. ಅಂದರೆ ಈ ಕ್ಯಾಮೆರಾ ಸ್ಫೋಟದ ಸ್ಥಳ ಗುರುತಿಸಲು ಸಾಕು, ಬಲ ಅಳೆಯಲು ಸಾಲದು. ಬಲಕ್ಕೆ ಬೇಕಾದದ್ದು ಮೊಬೈಲ್ ವಿಡಿಯೊದ ಆಡಿಯೊ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿ ಇರುವುದರಿಂದ ಒಂದು ಮಿಲಿಸೆಕೆಂಡೂ ಸ್ಪಷ್ಟ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಅಲೆ ಬಡಿದ ಕ್ಷಣ ಗೋಡೆಯಂತೆ ನೆಟ್ಟಗೆ ಏಳುವುದು ಕಾಣುತ್ತದೆ. ಆದರೆ ಹಲವು ಮೊಬೈಲುಗಳಲ್ಲಿ ಚಿತ್ರಕ್ಕೂ ಸದ್ದಿಗೂ ಹೊಂದಾಣಿಕೆ ಹತ್ತಾರು ಮಿಲಿಸೆಕೆಂಡು ತಪ್ಪಿರುತ್ತದೆ. ಅದಕ್ಕೆ ಪರಿಹಾರ ಸುಲಭ. ಅದೇ ಮೊಬೈಲಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ, ಒಂದು ಮೀಟರ್ ದೂರದಲ್ಲಿ ಯಾರಾದರೂ ಜೋರಾಗಿ ಚಪ್ಪಾಳೆ ತಟ್ಟುವುದನ್ನು ಹತ್ತು ಸಲ ಚಿತ್ರೀಕರಿಸಿ. ಕೈ ಕೂಡಿದ ಫ್ರೇಮಿಗೂ ಸದ್ದಿಗೂ ಇರುವ ಸರಾಸರಿ ಅಂತರವನ್ನು ಸ್ಫೋಟದ ವಿಡಿಯೊದಿಂದ ಕಳೆಯಿರಿ. ಇಷ್ಟು ಮಾಡದೆ ಬಲ ಅಂದಾಜಿಸಿದ ಲೆಕ್ಕವನ್ನು ನಂಬಬಾರದು.

ಅಡುಗೆಮನೆಯ ಸ್ಫೋಟ

ಊರೊಳಗಿನ ಆಕಸ್ಮಿಕ ಸ್ಫೋಟಗಳಲ್ಲಿ ನಾವು ಮತ್ತೆ ಮತ್ತೆ ಕಾಣುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ.

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲ ಹಿಡಿದು ಹರಡುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 2ರಿಂದ 9.5ರವರೆಗೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯ ಗಾತ್ರ 28 ಘನಮೀಟರ್. ಅದರ ನೂರಕ್ಕೆ 2 ಎಂದರೆ 0.57 ಘನಮೀಟರ್ ಅನಿಲ. ನಮ್ಮ ಎತ್ತರದಲ್ಲಿ ಘನಮೀಟರಿಗೆ ಸುಮಾರು 1.9 ಕೆಜಿ ತೂಗುವುದರಿಂದ ತೂಕ ಸುಮಾರು 1.1 ಕೆಜಿ. 14.2 ಕೆಜಿ ಸಿಲಿಂಡರಿನಲ್ಲಿ ಹದಿಮೂರನೇ ಒಂದು ಪಾಲು ಸೋರಿದರೆ ಇಡೀ ಕೋಣೆ ಅಪಾಯದ ಅಂಚಿಗೆ ಬಂತು. ನೆಲದ ಮಟ್ಟದಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಬಂದಿರುತ್ತದೆ. ಮೇಲಿನ ಮಿತಿ 9.5ಕ್ಕೆ ಸುಮಾರು 5 ಕೆಜಿ. ಅದಕ್ಕಿಂತ ಹೆಚ್ಚು ಸೋರಿದ್ದರೆ ಅನಿಲ ತೀರಾ ದಟ್ಟವಾಗಿ ಆ ಕ್ಷಣಕ್ಕೆ ಹೊತ್ತಿಕೊಳ್ಳುವುದಿಲ್ಲ. ಬೆಳಿಗ್ಗೆ ಯಾರೋ ಬಾಗಿಲು ತೆರೆದು ಗಾಳಿ ಬೆರೆತಾಗ ಹೊತ್ತಿಕೊಳ್ಳುತ್ತದೆ. ‘ಬಾಗಿಲು ತೆಗೆದ ಮೇಲೆ ಆಯಿತು’ ಎನ್ನುವ ಹೇಳಿಕೆಯನ್ನು ಅದಕ್ಕೇ ಪದಶಃ ಬರೆದುಕೊಳ್ಳಬೇಕು. ಫ್ರಿಜ್ಜಿನ ರಿಲೇ, ಲೈಟಿನ ಸ್ವಿಚ್, ದೇವರ ಮುಂದಿನ ದೀಪ, ಇವುಗಳಲ್ಲಿ ಯಾವುದು ಎಲ್ಲಿತ್ತು, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದೂ.

ಒಳಗೆ ಹೋಗಲು ಅಧಿಕಾರವಿರುವವರು ನೋಡಬೇಕಾದ ಕ್ರಮ:

ಸಿಲಿಂಡರನ್ನು ಸರಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ. ರೆಗ್ಯುಲೇಟರ್ ಆನ್ ಇದೆಯೋ ಆಫ್ ಇದೆಯೋ, ಒಲೆಯ ಪ್ರತಿ ನಾಬ್ ಯಾವ ಸ್ಥಿತಿಯಲ್ಲಿದೆ. ಅಗ್ನಿಶಾಮಕ ಸಿಬ್ಬಂದಿ ಬಂದೊಡನೆ ಅವನ್ನು ತಿರುಗಿಸುವುದು ಅವರ ಕರ್ತವ್ಯ, ಆದ್ದರಿಂದ ತಿರುಗಿಸಿದವರು ಯಾರು, ಮೊದಲು ಹೇಗಿತ್ತು ಎಂದು ಅದೇ ದಿನ ಕೇಳಿ ಬರೆಯಿರಿ. ಮಾರನೇ ದಿನ ಅವರಿಗೂ ನೆನಪಿರುವುದಿಲ್ಲ.

ಆಮೇಲೆ ತೂಕ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ. ಏಜೆನ್ಸಿಯ ತೂಗು ತಕ್ಕಡಿಯಲ್ಲಿ ತೂಗಿ, ಖಾಲಿ ತೂಕ ಕಳೆದರೆ ಉಳಿದ ಅನಿಲ. ಖಾಲಿ ತೂಕ 15.9, ಈಗಿನ ತೂಕ 24.5 ಎಂದಾದರೆ ಉಳಿದದ್ದು 8.6, ಹೋದದ್ದು 5.6 ಕೆಜಿ. ಸಿಲಿಂಡರ್ ಬಂದ ದಿನಾಂಕ ಏಜೆನ್ಸಿಯಲ್ಲಿ ಸಿಗುತ್ತದೆ; ಮನೆಯವರು ದಿನಕ್ಕೆ ಎಷ್ಟು ಉರಿಸುತ್ತಿದ್ದರು ಎಂದು ಹಿಂದಿನ ಬುಕಿಂಗುಗಳ ಅಂತರದಿಂದ ತಿಳಿದು, ಅದನ್ನು ಕಳೆದರೆ ಸೋರಿದ ಪ್ರಮಾಣ ಹತ್ತಿರಕ್ಕೆ ಬರುತ್ತದೆ. ಸ್ಫೋಟದ ನಂತರ ವಾಲ್ವಿನಲ್ಲಿ ಬೆಂಕಿ ಉರಿಯುತ್ತಲೇ ಇದ್ದರೆ ಈ ಲೆಕ್ಕ ನಡೆಯದು. ಅದನ್ನು ವರದಿಯಲ್ಲಿ ಹೇಳಿಬಿಡಬೇಕು. ಅದೇ ಪಟ್ಟಿಯಲ್ಲಿ ಮುಂದಿನ ಪರೀಕ್ಷೆಯ ಅವಧಿಯೂ ಇರುತ್ತದೆ: ಎ ಎಂದರೆ ಜನವರಿ–ಮಾರ್ಚ್, ಬಿ ಏಪ್ರಿಲ್–ಜೂನ್, ಹೀಗೆ ಡಿವರೆಗೆ, ಪಕ್ಕದಲ್ಲಿ ಇಸವಿ.

ಸೋರಿದ್ದು ಎಲ್ಲಿಂದ ಎನ್ನುವುದಕ್ಕೆ ಸಮಯವೂ ಸಾಕ್ಷಿ. ಮನೆಬಳಕೆಯ ರೆಗ್ಯುಲೇಟರ್ ಸರಿಯಿದ್ದರೆ ಪೈಪ್ ಪೂರ್ತಿ ಕಳಚಿದರೂ ಗಂಟೆಗೆ ಸುಮಾರು ಒಂದು ಕೆಜಿಯಷ್ಟೇ ಹೊರಬರುತ್ತದೆ. ಹೊತ್ತಿಸದೆ ಬಿಟ್ಟ ಒಂದು ಬರ್ನರಿನಿಂದ ಅದರ ಐದಾರನೇ ಒಂದು ಪಾಲು. ‘ಹತ್ತು ನಿಮಿಷದ ಹಿಂದೆ ವಾಸನೆಯೇ ಇರಲಿಲ್ಲ’ ಎಂದು ಮನೆಯವರು ಹೇಳುತ್ತಿದ್ದು, ಕೋಣೆಯ ಗೋಡೆಯೇ ಹೊರಕ್ಕೆ ಬಿದ್ದಿದ್ದರೆ ಬರ್ನರ್ ಕಾರಣವಾಗಲಾರದು. ವಾಲ್ವಿನ ಒಳಗಿನ ರಬ್ಬರ್ ವಾಷರ್, ರೆಗ್ಯುಲೇಟರ್ ಸರಿಯಾಗಿ ಕೂರದೆ ಇದ್ದದ್ದು, ಸಿಲಿಂಡರ್ ಬದಲಾಯಿಸುವಾಗ ವಾಲ್ವ್ ಸಿಕ್ಕಿಹಾಕಿಕೊಂಡದ್ದು ಇವನ್ನು ನೋಡಬೇಕು. ವಾಷರ್ ಅಷ್ಟು ಚಿಕ್ಕದು, ಅದನ್ನೇ ಮೊದಲು ಕಳೆದುಕೊಳ್ಳುತ್ತಾರೆ. ಬೆಳಕು ಬಿಟ್ಟು ವಾಲ್ವಿನ ಒಳಗಿನ ಫೋಟೊ ತೆಗೆದು, ಬಾಯಿಗೆ ಮುಚ್ಚಳ ಹಾಕಿ ಮುದ್ರೆ ಮಾಡಿಸಿ. ರಬ್ಬರ್ ಪೈಪ್ ಸುಟ್ಟಿದ್ದರೂ ಎರಡೂ ತುದಿಯ ಕ್ಲಿಪ್ಪಿನ ಅಡಿಯ ತುಂಡು ಉಳಿದಿರುತ್ತದೆ. ಬಿರುಕು, ಇಲಿ ಹಲ್ಲಿನ ಜೋಡಿ ಗುರುತು ಅಲ್ಲೇ ಹುಡುಕಿ.

ಸಿಲಿಂಡರೇ ಹರಿದಿದ್ದರೆ ಹರಿದ ಅಂಚಿನ ದಪ್ಪ ಅಳೆಯಿರಿ. ಉದ್ದಕ್ಕೆ ಮೀನಿನ ಬಾಯಿಯಂತೆ ತೆರೆದುಕೊಂಡು, ಅಂಚು ಎಳೆದು ತೆಳುವಾಗಿದ್ದರೆ ಹೊರಗಿನ ಬೆಂಕಿ ಉಕ್ಕನ್ನು ಮೆತ್ತಗೆ ಮಾಡಿತ್ತು ಎಂದರ್ಥ. ಆಗ ಬೆಂಕಿ ಮೊದಲು, ಸಿಲಿಂಡರ್ ಆಮೇಲೆ. ಮೂಲ ಕಾರಣ ಬೇರೆಡೆ ಇದೆ. ಅಂಚು ತೆಳುವಾಗದೆ ತುಕ್ಕು ಹಿಡಿದ ತಳದಲ್ಲಿ ಬಿಟ್ಟುಕೊಂಡಿದ್ದರೆ ಸಿಲಿಂಡರಿನ ಸ್ಥಿತಿಯೇ ಕಾರಣವಿರಬಹುದು.

ತುಮಕೂರಿನ ಕೆಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ಅದು ಗಾಳಿಗಿಂತ ಹಗುರ, ಹೊತ್ತಿಕೊಳ್ಳುವ ಮಿತಿ ನೂರಕ್ಕೆ 5ರಿಂದ 15. ಸುಟ್ಟ ಗುರುತು ಮೊಣಕಾಲಿನ ಮಟ್ಟದಲ್ಲಿದೆಯೋ ಅಟ್ಟದ ಮಟ್ಟದಲ್ಲೋ ಎನ್ನುವುದು ಎರಡನ್ನೂ ಬೇರ್ಪಡಿಸಲು ನೆರವಾಗುತ್ತದೆ. ಬಟ್ಟೆ, ಹಾಸಿಗೆ ಆಮೇಲೆ ಹೊತ್ತಿ ಉರಿದ ಕೋಣೆಯಲ್ಲಿ ಮಾತ್ರ ಈ ಗುರುತಿಗೆ ಬೆಲೆ ಇಲ್ಲ.

ಚಾವಣಿ ಹೇಳುವ ಒತ್ತಡ

ಪುಸ್ತಕದ ಕೋಷ್ಟಕಗಳು ಬಹುಪಾಲು ಹೊರದೇಶದ ಇಟ್ಟಿಗೆ ಮನೆಗಳನ್ನು ನೋಡಿ ಮಾಡಿದವು. ನಮ್ಮ ಮೂರು ಜಿಲ್ಲೆಗಳಲ್ಲಿ ಕಲ್ಲು ಚಪ್ಪಡಿಯ ಮನೆಗಳು ಇನ್ನೂ ಬೇಕಾದಷ್ಟಿವೆ. ಚಪ್ಪಡಿ ಗೋಡೆಯ ಮೇಲೆ ಬರೀ ತೂಕದಿಂದ ಕೂತಿರುತ್ತದೆ. ಮೂರು ಇಂಚಿನ ಗ್ರಾನೈಟ್ ಚಪ್ಪಡಿ ಚದರ ಮೀಟರಿಗೆ ಸುಮಾರು 200 ಕೆಜಿ, ಅಂದರೆ ಅದನ್ನು ಕೆಳಗಿನಿಂದ ಎತ್ತಲು 2 ಕಿಲೋಪ್ಯಾಸ್ಕಲ್ ಸಾಕು. ಮೇಲೆ ನಾಲ್ಕಿಂಚು ಗಾರೆ ಇದ್ದರೆ ಇನ್ನು ಸುಮಾರು 1.8. ಒಂದು ಕಿಟಕಿ ಗಾಜು ಒಡೆಯುವ ಮಟ್ಟದ ಒತ್ತಡಕ್ಕೇ ಚಾವಣಿ ಏಳುತ್ತದೆ, ಗೋಡೆ ಹೊರಕ್ಕೆ ಸರಿಯುತ್ತದೆ, ಆಧಾರ ತಪ್ಪಿದ ಚಪ್ಪಡಿ ಒಳಗಿದ್ದವರ ಮೇಲೇ ಬೀಳುತ್ತದೆ. ಇಂಥ ಮನೆಯಲ್ಲಿ ಸುಟ್ಟ ಗಾಯಕ್ಕಿಂತ ಚಪ್ಪಡಿಯೇ ಹೆಚ್ಚು ಅಪಾಯ, ಮತ್ತು ಮನೆ ನೆಲಸಮವಾಗಿದೆ ಎಂಬ ಕಾರಣಕ್ಕೆ ದೊಡ್ಡ ಸ್ಫೋಟಕ ಇತ್ತು ಎಂದು ಶಂಕಿಸುವುದು ಅನ್ಯಾಯ. ತಗಡಿನ ಶೀಟಿನ ಮನೆಯಲ್ಲಿ ಶೀಟು ಬೇಗ ಹಾರಿಹೋಗಿ ಒಳಗಿನ ಒತ್ತಡ ಇಳಿಯುತ್ತದೆ. ಐದಿಂಚಿನ ಆರ್‌ಸಿಸಿಯ ತೂಕ ಬರೀ 3 ಕಿಲೋಪ್ಯಾಸ್ಕಲಿನಷ್ಟಾದರೂ ಕಬ್ಬಿಣ ಹಿಡಿದಿಟ್ಟಿರುವುದರಿಂದ ಅದು ಉಳಿದು, ಇಟ್ಟಿಗೆ ಅಥವಾ ಬ್ಲಾಕಿನ ಗೋಡೆ ಹೋಗುತ್ತದೆ. ಯಾವುದು ಎದ್ದಿತು, ಯಾವುದು ಏಳಲಿಲ್ಲ ಎಂದು ಬರೆದರೆ ಒಳಗಿನ ಒತ್ತಡ ಎರಡು ಅಂಕಿಗಳ ನಡುವೆ ಸಿಕ್ಕಿಬೀಳುತ್ತದೆ.

1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಮಹಡಿಯಲ್ಲಿ ಅನಿಲ ಸಿಡಿದು ಒಂದು ಮೂಲೆಯ ಮನೆಗಳೆಲ್ಲ ಸಾಲಾಗಿ ಕುಸಿದವು, ನಾಲ್ವರು ತೀರಿಕೊಂಡರು. ಆ ಅಡುಗೆಮನೆಯಲ್ಲಿದ್ದ ಮಹಿಳೆ ಬದುಕುಳಿದರು, ಅವರ ಕಿವಿಗೂ ಹಾನಿಯಾಗಿರಲಿಲ್ಲ. ಒತ್ತಡ 70 ಕಿಲೋಪ್ಯಾಸ್ಕಲಿಗಿಂತ ಕಡಿಮೆಯೇ ಇತ್ತು ಎನ್ನಲು ತನಿಖೆಗೆ ಅದೂ ಆಧಾರವಾಯಿತು. ಮೂಲದಲ್ಲಿ ಸಿಕ್ಕಿದ್ದು ಒಲೆಯ ಕೊಳವೆಗೆ ಹಾಕಿದ್ದ, ಗುಣಮಟ್ಟವಿಲ್ಲದ ಒಂದು ಹಿತ್ತಾಳೆ ನಟ್ಟು. ಗಾಯಾಳುಗಳ ಕಿವಿ ಪರೀಕ್ಷೆಯ ಫಲಿತಾಂಶವನ್ನು ಆಸ್ಪತ್ರೆಯಿಂದ ತನಿಖಾಧಿಕಾರಿ ಮೂಲಕ ಪಡೆಯುವುದು ಇದಕ್ಕೇ.

ಸ್ಫೋಟಕವೋ ಅನಿಲವೋ

ಅನಿಲದ ಸ್ಫೋಟ ತಳ್ಳುತ್ತದೆ: ಗೋಡೆ ಇಡಿಯಾಗಿ ಹೊರಕ್ಕೆ ಮಲಗಿರುತ್ತದೆ, ಗುಂಡಿ ಇರುವುದಿಲ್ಲ, ಒಂದು ಬಿಂದುವಿನಲ್ಲಿ ಹಾನಿ ಕೇಂದ್ರೀಕರಿಸಿರುವುದಿಲ್ಲ. ಜಿಲೆಟಿನ್‌ನಂಥ ಸ್ಫೋಟಕ ಪುಡಿ ಮಾಡುತ್ತದೆ: ಗುಂಡಿ, ಚೂರುಚೂರಾದ ಕಾಂಕ್ರೀಟು, ಹತ್ತಿರದ ಲೋಹದ ಮೇಲೆ ಚುಕ್ಕೆಚುಕ್ಕೆ ಕುಳಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು, ಅದರ ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ. ಎರಡೂ ಕಡೆ ಸಿಡಿದದ್ದು ಕಲ್ಲುಕ್ವಾರಿಗೆ ಸೇರಿದ ಸ್ಫೋಟಕ. ಹಿರೇನಾಗವಲ್ಲಿಯಲ್ಲಿ ಆರು ಜನ ಪ್ರಾಣ ಕಳೆದುಕೊಂಡರು.

ಗುಂಡಿಯಿದ್ದರೆ ಜೆಸಿಬಿ ಮಣ್ಣು ಮುಚ್ಚುವ ಮೊದಲು ಮೂಲ ನೆಲಮಟ್ಟದಲ್ಲಿ ಎರಡು ಅಡ್ಡಳತೆ ತೆಗೆಯಿರಿ; ಸುತ್ತ ದಿಬ್ಬವಾಗಿ ಬಿದ್ದ ಮಣ್ಣಿನ ತುದಿಯಿಂದ ಅಳೆಯಬೇಡಿ. ಅಡ್ಡಳತೆ ಮೀಟರಿನಲ್ಲಿ, ತೂಕದ ಘನಮೂಲದ 0.8 ಪಟ್ಟು ಎನ್ನುವುದು ಸ್ಥೂಲ ನಿಯಮ. 2.4 ಮೀಟರ್ ಗುಂಡಿಗೆ 2.4 ÷ 0.8 = 3, ಘನ 27 ಕೆಜಿ. ನಮ್ಮ ಗಟ್ಟಿ ಮೊರಂ, ಬಂಡೆ ನೆಲದಲ್ಲಿ ಗುಂಡಿ ಚಿಕ್ಕದಾಗುತ್ತದೆ, ತೂಕ ಕಡಿಮೆ ತೋರುತ್ತದೆ. ಗಾಜಿನ ಲೆಕ್ಕಕ್ಕೂ ಗುಂಡಿಯ ಲೆಕ್ಕಕ್ಕೂ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ತೆಗೆಯಬೇಡಿ, ತಪ್ಪು ಎಲ್ಲಿದೆ ಎಂದು ಹುಡುಕಿ.

ದೂರದ ಸದ್ದು

ಹುಣಸೋಡಿನ ರಾತ್ರಿ ಅಕ್ಕಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಮನೆಯಿಂದ ಹೊರಗೆ ಬಂದರು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಇದು ತಿರುಗುಮುರುಗು: ಕ್ವಾರಿ ಸದ್ದಿಗೆ ಒಗ್ಗಿದ ಜಿಲ್ಲೆಯಲ್ಲಿ ಸುಮಾರು 3 ತೀವ್ರತೆಯ ನಿಜವಾದ ಸಣ್ಣ ಭೂಕಂಪನಗಳೇ ದಾಖಲಾದವು. ಎರಡನ್ನೂ ಬೇರ್ಪಡಿಸುವುದು ಭೂಕಂಪಮಾಪಕದ ಕೆಲಸ. ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಭೂಕಂಪದಲ್ಲಿ ಸ್ತರಭಂಗ (ನೆಲದಾಳದ ಬಂಡೆಯ ಬಿರುಕು) ಜಾರುವುದರಿಂದ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಎಳೆತ. ಈ ವಿದ್ಯೆಯ ಒಂದು ಹಳೆಯ ಕೇಂದ್ರ ಇದೇ ಜಿಲ್ಲೆಯಲ್ಲಿದೆ: ಭೂಗತ ಪರಮಾಣು ಸ್ಫೋಟಗಳನ್ನು ಗುರುತಿಸಲು 1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಸ್ಥಾಪಿಸಿದ ಭೂಕಂಪಮಾಪಕಗಳ ಸಾಲು.

ನಿಮ್ಮ ಪಾಲಿನ ಕೆಲಸ ಸಣ್ಣದು. ದೂರದ ಊರುಗಳವರನ್ನು ಕೇಳುವಾಗ ಎರಡು ಪ್ರಶ್ನೆ ಸಾಕು: ಮೊದಲು ನೆಲ ನಡುಗಿತೋ ಸದ್ದು ಬಂತೋ, ನಡುವೆ ಎಷ್ಟು ಹೊತ್ತು? ನೆಲದ ಅಲೆ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುತ್ತದೆ, ಗಾಳಿಯ ಸದ್ದು 3 ಸೆಕೆಂಡಿಗೆ ಒಂದು ಕಿಲೋಮೀಟರ್. ಹತ್ತು ಕಿಲೋಮೀಟರಿನಲ್ಲಿ ಸುಮಾರು ಅರ್ಧ ನಿಮಿಷದ ಅಂತರವಿದ್ದರೆ ಅದು ನೆಲದ ಮೇಲಿನ ಸ್ಫೋಟ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಇರುವಾಗ ಸದ್ದು ಮೇಲಿನಿಂದ ಬಾಗಿ ದೂರದ ಊರಿನ ಮೇಲೆ ಬೀಳುತ್ತದೆ. ನಡುವಿನ ಊರಿಗೆ ಕೇಳದೆ ಆಚೆಯ ಊರಿಗೆ ಕೇಳಿಸಬಹುದು. ಸಾಕ್ಷಿ ಸುಳ್ಳು ಹೇಳಿದ ಎಂದು ಬರೆಯುವ ಮೊದಲು ಆ ದಿನದ ಹವಾಮಾನ ನೋಡಿ.

ಬರೆದು ಒಪ್ಪಿಸುವುದು

ಪ್ರತಿ ವಿಡಿಯೊ ಫೈಲಿಗೂ ಕಂಪ್ಯೂಟರಿನಲ್ಲಿ ‘ಶಾ-256’ ಹ್ಯಾಶ್ (ಫೈಲು ಚೂರು ಬದಲಾದರೂ ಬದಲಾಗುವ ಗುರುತಿನ ಸಂಕೇತ) ತೆಗೆದು ಬರೆದಿಡಿ. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿ. ನ್ಯಾಯಾಲಯಕ್ಕೆ ಹೋಗುವ ಸಾಧ್ಯತೆ ಇದ್ದರೆ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ, ಡಿವಿಆರ್ ಮಾಲೀಕರಿಗೆ ಅದನ್ನು ಮೊದಲೇ ತಿಳಿಸಿ. ಅಂಕಿಗಳನ್ನು ವ್ಯಾಪ್ತಿಯಾಗಿ ಕೊಡಿ, ಯಾವ ಅಳತೆಯಿಂದ ಯಾವ ಅಂಕಿ ಬಂತು ಎಂದು ಪಕ್ಕದಲ್ಲೇ ಬರೆಯಿರಿ. ಕಿಟಕಿ ಪಟ್ಟಿಯನ್ನು ಒಡೆಯದ ಗಾಜುಗಳ ಸಮೇತ ಪೂರ್ತಿ ಲಗತ್ತಿಸಿ. ಎರಡು ಪ್ರತಿ ಮಾಡಿ: ಒಂದು ತನಿಖಾಧಿಕಾರಿಗೆ, ಸ್ವೀಕೃತಿ ಸಹಿಯೊಂದಿಗೆ, ಇನ್ನೊಂದು ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ. ಗಾಯಾಳುಗಳ ಹೆಸರು, ಮುಖ ಇರುವ ಫೋಟೊಗಳನ್ನು ಆ ಎರಡು ಪ್ರತಿಗಳ ಹೊರಗೆ ಎಲ್ಲೂ ಹಂಚಬೇಡಿ.